ಗೌರಾಬಾಯಿಯ ಅಳು

ಪುಣೆಯ ಹತ್ತಿರದ ಭೋಸರಿಯ ಆ ಓಣಿಯ ಕನ್ನಡದವರ ಮನೆಗಳಲ್ಲಿ ಸಾವಾಯಿತೆಂದರೆ ಮೊದಲು ಏಳುತ್ತಿದ್ದ ಮಾತು, "ಗೌರಾಬಾಯಿಗೆ ಹೇಳೀರೇನ್ರಿ?" ಊರಿಗೆ ಫೋನು ಹಚ್ಚುವುದು, ಕಾಗದಪತ್ರ ಮಾಡಿಸುವುದು, ಗಾಡಿ ಹೇಳುವುದು, ಅವೆಲ್ಲ ಗಂಡಸರು ಆಮೇಲೆ ನೋಡಿಕೊಳ್ಳುತ್ತಿದ್ದರು. ಗೌರಾಬಾಯಿ ಬಂದು ಹೊಸ್ತಿಲಲ್ಲಿ ನಿಂತು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, "ಯಣ್ಣಾ" ಎಂದೋ "ಯವ್ವಾ" ಎಂದೋ ಸತ್ತವರನ್ನು ಕರೆದಾಗಲೇ ಆ ಮನೆಯವರ ಗಂಟಲು ಬಿಚ್ಚುತ್ತಿತ್ತು. ಅಲ್ಲಿಯತನಕ ಕಲ್ಲಿನಂತೆ ಕೂತ ಹೆಂಡಂದಿರು, ಸೊಸೆಯಂದಿರು ಅವಳ ಒಂದು ಸೊಲ್ಲಿಗೆ ಹೋ ಎಂದು ಅಳಲು ಶುರು ಮಾಡುತ್ತಿದ್ದರು.

ಕೂಲಿಗೆ ಅಳುವವಳೆಂದು ತಿಳಿದೀರಿ, ಅಲ್ಲ. ಸತ್ತ ಮನೆಯಲ್ಲಿ ಅವಳು ಒಂದು ಕಪ್ ಚಹಾ ಕೂಡ ಕುಡಿದವಳಲ್ಲ. ಹೊಟ್ಟೆಪಾಡಿಗೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅಳುವುದು ಅವ್ವನಿಂದ ಬಂದದ್ದು. ಅವಳ ತವರಾದ ಇಂಡಿ ಕಡೆಯ ಹಳೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಹೋದವರು ಏನು ಉಂಡರು, ಏನು ಉಟ್ಟರು, ಯಾರಿಂದ ಬೈಸಿಕೊಂಡರು, ಯಾರ ಮಕ್ಕಳನ್ನು ಎತ್ತಿ ಆಡಿಸಿದರು, ಎಲ್ಲವನ್ನೂ ರಾಗ ಕಟ್ಟಿ ಹೆಣದ ಮುಂದೆ ಕೂತು ಅದರ ಕಿವಿಗೇ ಹೇಳಬೇಕು. ಹಾಗೆ ಹೇಳದೆ ಕಳಿಸಿದರೆ, ತನ್ನನ್ನು ಯಾರೂ ನೆನೆಯಲಿಲ್ಲವಲ್ಲ ಎಂದು ಹೋಗುವವರು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಾರಂತೆ. ಮತ್ತೊಂದು ಕಟ್ಟಳೆಯೂ ಉಂಟು. ಮನೆಯಲ್ಲಿ ಹೆಣವಿಲ್ಲದಾಗ ಆ ರಾಗ ತೆಗೆಯಬಾರದು. ತೆಗೆದರೆ ಸಾವನ್ನು ಬಾ ಎಂದು ಕರೆದ ಹಾಗೆ.

ಅವಳ ಗಂಡ ರಾಮಲಿಂಗಪ್ಪ ಅಲ್ಲಿಯ ಒಂದು ಫೌಂಡ್ರಿಯಲ್ಲಿ ಎರಕದ ಸಾಮಾನು ಉಜ್ಜುವ ಕೆಲಸಕ್ಕಿದ್ದವನು. ಆ ಉಸುಕಿನ ಧೂಳು ಕುಡಿದು ಕುಡಿದು ಪುಪ್ಪುಸ ಗಟ್ಟಿಯಾಗಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದ. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಅವ್ವ ಅಪ್ಪ ಯಾರೆಂದು ತಿಳಿಯುವ ಮೊದಲೇ ಕಳೆದುಕೊಂಡು ಅವರಿವರ ಮನೆಯ ದನ ಕಾಯ್ದು ಬೆಳೆದವನು. ಅಂಥವನಿಗೆ ಹೆಂಡತಿಯ ಅಳುವಿನ ಮೇಲೆ ಎಲ್ಲಿಲ್ಲದ ಅಭಿಮಾನ.

"ಏ ಗೌರಾ, ಮಂದಿಗೆಲ್ಲಾ ಅತ್ತು ಅತ್ತು, ನನ್ನ ಪಾಳಿ ಬರೂದ್ರಾಗ ಧ್ವನಿ ಕಳಕೊಂಡಗಿಂಡಿ. ನನಗಷ್ಟು ತಗದ ಇಟ್ಟಿರು," ಎನ್ನುತ್ತಿದ್ದ.

"ಥೂ ನಿಮ್ಮ! ಬಾಯಾಗ ಒಂದು ಒಳ್ಳೇ ಮಾತು ಬರೂದಿಲ್ಲೇನು?" ಎಂದು ಅವಳು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು.

ಚೇಷ್ಟೆಯ ಮಾತು ಹೌದು, ಆದರೆ ಅದರೊಳಗೆ ಅವನ ಜೀವ ಇತ್ತು. ಹುಟ್ಟಿದಾಗ ಯಾರೂ ನಗಲಿಲ್ಲ, ಹೋಗುವಾಗಲಾದರೂ ಒಬ್ಬರು ತನ್ನನ್ನು ಬಾಯಿ ತುಂಬ ಹಾಡಿ ಕಳಿಸಲಿ ಎಂದು ಅವನು ಆಸೆ ಪಟ್ಟಿದ್ದ. ಜೀವಮಾನದಲ್ಲಿ ಹೆಂಡತಿಯನ್ನು ಅವನು ಬೇಡಿದ್ದು ಇದೊಂದನ್ನೇ, ಮತ್ತು ಇದು ಗೌರಾಬಾಯಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಉಸಿರು ಕಟ್ಟಿ ದವಾಖಾನೆ ಸೇರಿದ್ದಾಗಲೇ ಅತ್ತ ಇಂಡಿಯಲ್ಲಿ ಅವಳ ತಂಗಿ ರಂಗೂಬಾಯಿ ತೀರಿಕೊಂಡಳು. ಖಾನಾವಳಿ ನಡೆಸುತ್ತಿದ್ದವಳು, ಒಲೆಯ ಮುಂದೆ ನಿಂತಲ್ಲೇ ಕುಸಿದು ಬಿದ್ದಳಂತೆ. ಇಲ್ಲಿ ಇವಳಿಗೆ ಯಾಕೆ ಗಾಬರಿ ಮಾಡುವುದು ಎಂದು ಊರಿನವರು ಮಣ್ಣು ಮಾಡಿ ಮುಗಿಸಿದ ಮೇಲೆ ಫೋನು ಮಾಡಿದರು. ಓಣಿಯ ಹೆಣಗಳಿಗೆಲ್ಲ ಅತ್ತವಳಿಗೆ ಸ್ವಂತ ತಂಗಿಯ ಮುಖ ನೋಡಿ ಅಳಲು ಆಗಲಿಲ್ಲ. ಎಂಥ ಹಣೆಬರಹ ನೋಡಿ! ಆ ಅಳು ಎದೆಯಲ್ಲೇ ಗಡ್ಡೆ ಕಟ್ಟಿ ಕೂತಿತು. ರೊಟ್ಟಿ ಬಡಿಯುವಾಗ ಮೇಲೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಹಪ್ಪಳ ಒಣಹಾಕಲು ಮಾಳಿಗೆಗೆ ಹೋದಾಗ ತಡೆಯಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೀರಿನ ಟಾಕಿಗೆ ಆತು ಕೂತು, ಇಂಡಿಯ ದಿಕ್ಕಿಗೆ ಮುಖ ಮಾಡಿ ಹಾಡ್ಯಾಡಿಕೊಂಡು ಅತ್ತುಬಿಟ್ಟಳು. "ದಣದೀದಿ ನನ ತಂಗೆವ್ವಾ, ಈಗರೆ ಮಲಗವ್ವಾ, ದಣದೀದಿ…"

ಟಾಕಿಯ ಆಚೆ ಬದಿಗೆ ಇಂಪನಾ ಇದ್ದಳು. ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಬೆಂಗಳೂರಿನ ಹುಡುಗಿ. ಯೆರವಡಾದ ಐಟಿ ಕಂಪನಿಯಲ್ಲಿ ಕೆಲಸ, ರಜೆ ಬಂತೆಂದರೆ ಗೆಳೆಯರ ರಾಕ್ ಬ್ಯಾಂಡಿನಲ್ಲಿ ಹಾಡುವುದು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು. ರಾಮಲಿಂಗಪ್ಪನ ಔಷಧಿ ಎಷ್ಟೋ ಸಲ ಅವಳೇ ತಂದುಕೊಟ್ಟಿದ್ದಳು. ಈಗ ಫೋನು ಹಿಡಿದುಕೊಂಡು ಕಣ್ಣರಳಿಸಿ ಬಂದಳು.

"ಆಂಟಿ, ಏನದು ನೀವು ಹಾಡಿದ್ದು? ಮೈ ಜುಮ್ ಅಂತು! ಲಾಲಿ ಹಾಡಾ?"

ಗೌರಾಬಾಯಿ ದಡಬಡಿಸಿ ಎದ್ದಳು. ಹೆಣವಿಲ್ಲದ ಮನೆಯ ಮೇಲೆ ಕೂತು ಸತ್ತವರ ಅಳು ಅತ್ತಿದ್ದಾಳೆ. ಅದೂ ಬಾಡಿಗೆ ಮನೆ. ಕೆಳಗೆ ಮಾಲಕರ ಸೊಸೆ ತುಂಬಿದ ಬಸುರಿ. ಗೊತ್ತಾದರೆ ಸಾಮಾನು ಸಮೇತ ಹೊರಗೆ ಹಾಕುತ್ತಾರೆ, ಹಾಕಿದರೆ ಅವರದು ತಪ್ಪೂ ಅಲ್ಲ.

"ಹೂಂ ತಂಗಿ, ತೊಟ್ಟಿಲ ಪದಾ. ನಮ್ಮವ್ವ ಹಾಡತಿದ್ಲು," ಎಂದಳು.

"ನಾನು ರೆಕಾರ್ಡ್ ಮಾಡ್ಕೊಂಡೆ. ನಮ್ಮ ಹೊಸ ಸಾಂಗ್‌ನಲ್ಲಿ ಯೂಸ್ ಮಾಡ್ಕೊಳ್ಲಾ? ಪ್ಲೀಸ್ ಆಂಟಿ!"

ಹೇಳಿದ ಸುಳ್ಳಿನ ಗಾಬರಿಯಲ್ಲೇ ಇದ್ದ ಗೌರಾಬಾಯಿ, ಈ ಮಾತು ಇಲ್ಲಿಗೇ ಮುಗಿದರೆ ಸಾಕೆಂದು, "ಮಾಡ್ಕೊಳವಾ, ಅದರಾಗೇನದ," ಎಂದು ಹಪ್ಪಳದ ತಾಟು ಎತ್ತಿಕೊಂಡು ಇಳಿದುಬಿಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹಾಡು ಹೊರಬಿತ್ತು. ಮೊದಲು ಒಂದೇ ಗಿಟಾರು ಮೆಲ್ಲಗೆ ಮೀಟುತ್ತದೆ. ಅದರ ಮೇಲೆ ಇಂಪನಾ ತನ್ನ ಕನ್ನಡದಲ್ಲಿ, "ಚುಕ್ಕಿಯ ತೋಟದಲಿ ಆಡಿ ದಣಿದೆ ನೀನು," ಎಂದು ಮಗುವಿಗೆ ಹೇಳುವಂತೆ ಹಾಡುತ್ತಾಳೆ. ಆಮೇಲೆ ಡ್ರಮ್ಮು, ಅಬ್ಬರ, ಕಿವಿ ಒಡೆಯುವಂಥ ಗದ್ದಲ. ಅದು ಗಪ್ಪೆಂದು ನಿಂತಾಗ, ಬಾವಿಯೊಳಗಿಂದ ಬಂದಂತೆ ಗೌರಾಬಾಯಿಯ ಧ್ವನಿ, "ದಣದೀದಿ…"

ಪುಣೆಯ ಮಂದಿಗೆ "ದಣದೀದಿ" ಎಂದರೆ ದಣಿದಿದ್ದೀ ಎಂದು ಏನು ತಿಳಿಯಬೇಕು? ಅವರ ಕಿವಿಗೆ ಅದರಲ್ಲಿ ಕೇಳಿಸಿದ್ದು "ದೀದಿ" ಒಂದೇ. ಹಾಡಿಗೆ ದೀದಿ ಸಾಂಗ್ ಎಂದೇ ಹೆಸರು ಬಿತ್ತು. ಹಚ್ಚಿದ ಊದಿನಕಡ್ಡಿಯ ಹೊಗೆಯಂತೆ ಅದು ಎಲ್ಲಿ ಬೇಕಾದಲ್ಲಿ ಹೊಕ್ಕಿತು. ರಿಕ್ಷಾದಲ್ಲಿ ಅದೇ, ಮಾಲಿನಲ್ಲಿ ಅದೇ, ವಡಾಪಾವ್ ಗಾಡಿಯವನ ಮೊಬೈಲಿನಲ್ಲಿಯೂ ಅದೇ. ಕಾಲೇಜಿನ ಹುಡುಗರು ಕತ್ತಲ ಮೈದಾನದಲ್ಲಿ ಫೋನಿನ ದೀಪ ಹಚ್ಚಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ಸತ್ತ ರಂಗೂಬಾಯಿಗಾಗಿ ಅತ್ತ ಅಳುವನ್ನು ಒಕ್ಕೊರಲಿನಿಂದ ಹಾಡಿದರು. ದೊಡ್ಡದೊಂದು ಕಂಪನಿ ಹಾಡನ್ನು ಕೊಂಡುಕೊಂಡಿತು. ಅದರಿಂದ ಒಂದು ಗಾದಿ ಕಂಪನಿ ಜಾಹೀರಾತಿಗೆ ಕೊಂಡಿತು. ಟೀವಿಯಲ್ಲಿ ಮೆತ್ತನೆಯ ಬಿಳಿ ಗಾದಿಯ ಮೇಲೆ ಚೆಂದದ ಹುಡುಗಿಯೊಬ್ಬಳು ಹಾಗೇ ಒರಗುತ್ತಾಳೆ, ಹಿಂದೆ ಗೌರಾಬಾಯಿ, "ಈಗರೆ ಮಲಗವ್ವಾ…" ಅದು ಮೊದಲು ಬಂದ ದಿವಸ ಗೌರಾಬಾಯಿ ಎದ್ದು ಟೀವಿ ಆರಿಸಿ ರೊಟ್ಟಿ ಬಡಿಯಲು ಕೂತಳು. ರಂಗೂಬಾಯಿ ಬದುಕಿನಲ್ಲಿ ಗಾದಿಯ ಮೇಲೆ ಮಲಗಿದವಳೇ ಅಲ್ಲ.

ಆಗಲೇ ಬಾಯಿ ಬಿಡಬಹುದಿತ್ತಲ್ಲ ಎಂದರೆ, ಹೇಗೆ ಬಿಟ್ಟಾಳು? ಇಂಪನಾ ತನ್ನ ಪಾಲಿಗೆ ಬಂದದ್ದರಲ್ಲಿ ಮೊದಲು ಮಾಡಿದ ಕೆಲಸ, ದವಾಖಾನೆಯಿಂದ ಮನೆಗೆ ಬಂದಿದ್ದ ರಾಮಲಿಂಗಪ್ಪನಿಗೆ ಆಕ್ಸಿಜನ್ ಮಶೀನು ತಂದುಕೊಟ್ಟದ್ದು. ಮೂಲೆಯಲ್ಲಿ ಅದು ಗುರುಗುರು ಅನ್ನುತ್ತ ಅವನಿಗೆ ಉಸಿರು ಕೊಡುತ್ತಿತ್ತು. ಅವನ ಮುಖಕ್ಕೆ ಎಷ್ಟೋ ದಿನದ ಮೇಲೆ ಬಣ್ಣ ಬಂದಿತ್ತು. ಗಂಡನ ಉಸಿರು ನಡೆಯುತ್ತಿದ್ದದ್ದೇ ಆ ಹಾಡಿನಿಂದ. ಗೌರಾಬಾಯಿ ಬಾಯಿಗೆ ಬೀಗ ಹಾಕಿಕೊಂಡಳು.

ಬೀಗ ಒಡೆದದ್ದು ದೇಹೂ ರೋಡ್ ಎಂಬ ಊರಿನಲ್ಲಿ. ಮಗಳು ಮಾಧುರಿಯನ್ನು ಅಲ್ಲಿಯ ಮರಾಠಿ ಮಂದಿಗೆ ಕೊಟ್ಟಿತ್ತು, ಹೆಣ್ಣು ಕೂಸು ಹುಟ್ಟಿ ಹೆಸರಿಡುವ ದಿನ. ಬೀಗರು ಒಳ್ಳೆಯವರೇ. ನಮ್ಮ ಸೊಸೆಯ ತಾಯಿಯ ಧ್ವನಿ ದೇಶವೆಲ್ಲ ಕೇಳುತ್ತದೆಂದು ಜಂಬ. ಕೂಸನ್ನು ಹೂವಿನ ತೊಟ್ಟಿಲಿಗೆ ಹಾಕಿ, ಮುತ್ತೈದೆಯರು ಸುತ್ತ ನಿಂತು ತೂಗುವಾಗ, ದೊಡ್ಡ ಸ್ಪೀಕರಿನಲ್ಲಿ ಅದೇ ಹಾಡು ಹಚ್ಚಿದರು. ಗಿಟಾರು ಮೀಟಿತು, ಡ್ರಮ್ಮು ಬಡಿದು ನಿಂತಿತು. "ದಣದೀದಿ…" ತೊಟ್ಟಿಲೊಳಗಿನ ಹಸುಗೂಸಿನ ಮೇಲೆ ಅವಳ ಸ್ವಂತ ಬಾಯಿಯಿಂದ ಹೆಣದ ಅಳು ಸುರಿಯಿತು.

"ಬಂದ್ ಮಾಡ್ರಿ ಅದನ್ನ! ಬಂದ್ ಮಾಡ್ರೀ!" ಗೌರಾಬಾಯಿ ಓಡಿಹೋಗಿ ವಾಯರು ಕಿತ್ತಳು. "ತೊಟ್ಟಿಲ ಪದಾ ಅಲ್ರಿ ಅದು, ಸತ್ತವರ ಅಳು! ನನ್ನ ತಂಗಿ ಸತ್ತಾಗ ಅತ್ತದ್ದು!"

ಕನ್ನಡ ತಿಳಿಯದ ಬೀಗರು ಮಾಧುರಿಯ ಮುಖ ನೋಡಿದರು. ಮಾಧುರಿ ಏನೆಂದು ಮರಾಠಿಯಲ್ಲಿ ಹೇಳಿಯಾಳು? ಹೇಳಲೇಬೇಕಾಗಿ ಹೇಳಿದಳು. ಅತ್ತೆ ಕೂಸನ್ನು ತೊಟ್ಟಿಲಿಂದ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ತೊಟ್ಟಿಲ ಪದಾ ಅಂತ ಹೇಳಿದಾಕಿ ನೀನs ಅಲ್ಲೇನ ಯವ್ವಾ?" ಎಂದಳು ಮಾಧುರಿ. "ಈಗ ಎಲ್ಲಾರ ಮುಂದ ಹಿಂಗ ಮಾಡಿದ್ಯಲ್ಲ, ನಾ ಈ ಮನ್ಯಾಗ ಹೆಂಗ ಬಾಳ್ವೆ ಮಾಡ್ಲಿ?"

ಗೌರಾಬಾಯಿ ಕಿತ್ತ ವಾಯರು ಕೆಳಗಿಟ್ಟು ಹೊರಬಿದ್ದಳು. ಬಸ್ಸಿನಲ್ಲಿ ಬರುವಾಗಲೂ ಕಂಡಕ್ಟರನ ಮೊಬೈಲಿನಲ್ಲಿ ಅದೇ ಹಾಡಿತ್ತು.

ಮನೆಗೆ ಬಂದವಳು ನೇರ ಮೇಲೆ ಹೋಗಿ ಇಂಪನಾಳ ಮುಂದೆ ಎಲ್ಲ ಹೇಳಿದಳು. ಹುಡುಗಿ ಬಿಳಿಚಿಕೊಂಡಳು, ಅತ್ತಳು, ಅವಳ ಕೈ ಹಿಡಿದುಕೊಂಡಳು. "ಅಯ್ಯೋ ಆಂಟಿ, ಮೊದಲೇ ಹೇಳ್ಬಾರ್ದಿತ್ತಾ? ನಾನು ಮುಟ್ತಾನೇ ಇರ್ಲಿಲ್ಲ."

"ಹೋಗ್ಲಿ ಬಿಡು ತಂಗಿ. ನನ್ನದs ತಪ್ಪು. ಈಗ ಅದರಾಗಿಂದ ನನ್ನ ಧ್ವನಿ ತಗದಬಿಡು, ನಿನಗ ಪುಣ್ಯ ಬರತದ."

"ನನ್ನ ಕೈಲಿಲ್ಲ ಆಂಟಿ. ಸಾಂಗ್ ಈಗ ಕಂಪನಿದು. ಆದ್ರೂ ಕೇಳ್ತೀನಿ, ಪ್ರಾಮಿಸ್."

ಕೇಳಿದಳು, ಕೇಳಿಯೇ ಕೆಟ್ಟದ್ದಾಯಿತು. ಲಾಲಿಯಲ್ಲ, ಅಕ್ಕ ತಂಗಿಗೆ ಅತ್ತ ನಿಜವಾದ ಅಳು ಎಂದು ಗೊತ್ತಾದ ಕೂಡಲೇ ಕಂಪನಿಯವರಿಗೆ ಹಬ್ಬವೇ ಆಯಿತು. ಹಾಡಿಗೆ ಹೊಸ ಚಿತ್ರ ತೆಗೆದರು. ಅದರಲ್ಲಿ ನೂಲಿನ ಸೀರೆ ಉಟ್ಟ ಯಾರೋ ನಟಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತ ಕಣ್ಣೀರು ಸುರಿಸುತ್ತಾಳೆ, ಕೆಳಗೆ ದೊಡ್ಡ ಅಕ್ಷರದಲ್ಲಿ ಇದು ಸತ್ಯ ಎಂದು ಬರುತ್ತದೆ. ತಣ್ಣಗಾಗುತ್ತಿದ್ದ ಹಾಡು ಮತ್ತೆ ಭುಗಿಲೆಂದಿತು. ಮೊದಲು ಕುಣಿದವರು ಈಗ ಅಳತೊಡಗಿದರು, ಅತ್ತದ್ದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ತೋರಿಸಿದರು. ಇಂಪನಾ ಮಾತ್ರ ಮುಖ ತೋರಿಸಲಾರದೆ ಮನೆ ಬದಲಿಸಿ ಹೊರಟುಹೋದಳು. ಹೋಗುವಾಗ ಕಾಲಿಗೆ ಬಿದ್ದಳು. ಅವಳ ಮೇಲೆ ಸಿಟ್ಟು ಮಾಡಲು ಗೌರಾಬಾಯಿಗೆ ಆಗಲಿಲ್ಲ.

ಆಮೇಲೆ ಪಕ್ಕದ ಮನೆಯ ಸಾವಿತ್ರಿಬಾಯಿಯ ಗಂಡ ಚನ್ನವೀರ ತೀರಿಕೊಂಡ. ಗೌರಾಬಾಯಿ ಹಿಟ್ಟಿನ ಕೈ ತೊಳೆಯದೆ ಓಡಿದಳು. ಹೊಸ್ತಿಲಲ್ಲಿ ನಿಂತು, "ಯಣ್ಣಾ…" ಎಂದು ರಾಗ ತೆಗೆದದ್ದಷ್ಟೇ. ಹೊರಗೆ ನಿಂತಿದ್ದ ಹುಡುಗಿಯೊಬ್ಬಳು, "ಏ, ದೀದಿ ದೀದಿ!" ಎಂದು ಪಕ್ಕದವಳನ್ನು ತಿವಿದಳು. ಎತ್ತಿದ ಕೈಗಳಲ್ಲಿ ಮೊಬೈಲುಗಳು ಕಂಡವು. ಗೌರಾಬಾಯಿ ರಾಗ ಅಲ್ಲಿಗೇ ಬಿಟ್ಟಳು. ಚನ್ನವೀರನ ಒಂದು ಗುಣವನ್ನೂ ಹೇಳಲಾಗದೆ ಸೆರಗು ಹೊದ್ದು ಮೂಲೆಗೆ ಕೂತಳು. ಸಾವಿತ್ರಿಬಾಯಿ ಕಾದಳು, ಕಾದು ಕಾದು ಕೊನೆಗೆ ಎಲ್ಲರೆದುರು ಅಂದುಬಿಟ್ಟಳು.

"ಯಾಕವಾ ಗೌರಾ, ನನ್ನ ಗಂಡಗ ಅಳಾಕ ಕಂಪನಿ ಪರ್ಮಿಶನ್ ಬೇಕೇನು? ಈಗ ನೀ ಫುಕಟ್ ಅಳಾಕಿ ಅಲ್ಲ ಬಿಡು."

ಹೊಟ್ಟೆಗೆ ಬೆಂಕಿ ಬಿದ್ದವಳು ಆಡಿದ ಮಾತು, ನಿಜ. ಆದರೂ ಅದು ಗೌರಾಬಾಯಿಯ ಎದೆಯಲ್ಲಿ ಮುರಿದ ಮುಳ್ಳಾಯಿತು. ಅಂದಿನಿಂದ ಓಣಿಯಲ್ಲಿ ಅವಳಿಗೆ ಸಾವಿನ ಸುದ್ದಿ ಹೇಳುವುದನ್ನು ನಿಲ್ಲಿಸಿದರು.

ಅದಕ್ಕಿಂತ ಮಿಗಿಲಾದ ಭಯ ಮನೆಯೊಳಗೇ ಇತ್ತು. ರಾಮಲಿಂಗಪ್ಪ ಇಳಿಯುತ್ತ ಬಂದಿದ್ದ. ಮಶೀನು ಎಷ್ಟು ಗುರುಗುಟ್ಟಿದರೂ ತುಟಿ ನೀಲಿಯೇ. ಡಾಕ್ಟರು ಮನೆಯಲ್ಲೇ ನೋಡಿಕೊಳ್ಳಿ ಎಂದು ಕೈಚೆಲ್ಲಿದರು. ಈಗ ಇವನಿಗೆ ಹೇಗೆ ಅಳಲಿ? ಆ ರಾಗ ಇನ್ನು ತನ್ನದಲ್ಲ. ಗೌರಾಬಾಯಿ ರೊಟ್ಟಿ ಬಡಿಯುತ್ತ ಬೇರೆ ರಾಗ ಹುಡುಕಿದಳು. ಬೀಸುಕಲ್ಲಿನ ಪದದ ರಾಗ ಹಿಡಿದು ನೋಡಿದಳು, ಸೋಬಾನದ ರಾಗ ಹಿಡಿದು ನೋಡಿದಳು, ಮಠದ ಭಜನೆಯ ರಾಗವನ್ನೂ ಬಿಡಲಿಲ್ಲ. ಮನಸ್ಸಿನಲ್ಲೇ ಹುಡುಕುವುದು, ತುಟಿ ಬಿಚ್ಚುವಂತಿಲ್ಲ. ಎಲ್ಲಿಂದ ಹೊರಟರೂ ಎರಡು ಸಾಲಿಗೆ ಅದು ದಣದೀದಿಗೇ ಬಂದು ಬೀಳುತ್ತಿತ್ತು. ಮತ್ತೆ ಅದರ ಹಿಂದೆಯೇ, ಬೇಡ ಬೇಡವೆಂದರೂ, ಅವಳ ತಲೆಯೊಳಗೇ ಗಿಟಾರು ಮೀಟುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಸೀದು ಹೋಗುತ್ತಿತ್ತು.

ರಾಮಲಿಂಗಪ್ಪನಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಒಂದು ಸಂಜೆ ಹತ್ತಿರ ಕರೆದು, ಉಸಿರು ಎಳೆದು ಎಳೆದು ಕೇಳಿದ.

"ಗೌರಾ, ನನಗ… ಬರತದೇನ?"

ಏನು ಬರುತ್ತದೆ ಎಂದು ಅವನು ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ.

"ಬರತದ್ರಿ. ಯಾಕ ಬರೂದಿಲ್ಲ? ನೀವು ಅದರ ಚಿಂತಿ ಮಾಡಬ್ಯಾಡ್ರಿ."

"ಸುಮ್ಮ ಕಳಸಬ್ಯಾಡ ಮತ್ತ. ಬಂದದ್ದಂತೂ ಸುಮ್ಮನs ಬಂದೀನಿ."

ಗೌರಾಬಾಯಿ ಅವನ ಕಾಲು ಒತ್ತುತ್ತ ಕೂತಳು. ಹೇಳಿದ್ದು ಸುಳ್ಳೆಂದು ಅವನಿಗೆ ಗೊತ್ತಾಗದಿರಲೆಂದು ಇನ್ನಷ್ಟು ಗಟ್ಟಿಯಾಗಿ ಒತ್ತಿದಳು.

ಅವನು ಹೋದದ್ದು ಬೆಳಗಿನ ಹೊತ್ತು, ಅವಳು ಚಹಾ ಸೋಸುತ್ತಿದ್ದಾಗ. ಓಣಿಯವರೇ ಬಂದು ಮೈ ತೊಳೆಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದರು. ಮಾಧುರಿ ದೇಹೂ ರೋಡಿನಿಂದ ಒಬ್ಬಳೇ ಬಂದಳು, ಬೀಗರು ಕೂಸನ್ನು ಕಳಿಸಿರಲಿಲ್ಲ. ಸಾವಿತ್ರಿಬಾಯಿ ಹಳೆಯದನ್ನೆಲ್ಲ ಮರೆತು ಬಂದು ಗೌರಾಬಾಯಿಯ ಬೆನ್ನಿಗೆ ಕೂತಳು. ಸುದ್ದಿ ಹರಡಿ, ಕಂಡು ಕೇಳರಿಯದ ಮಂದಿಯೂ ನೆರೆದರು. ಅಂಗಳ ತುಂಬಿ ಓಣಿ ತುಂಬಿತು. ಜೀವಮಾನವೆಲ್ಲ ಯಾರೂ ತಿರುಗಿ ನೋಡದ ಮನುಷ್ಯನ ಸಾವಿಗೆ ಅಷ್ಟೊಂದು ಜನ. ಎಲ್ಲರೂ ಗೌರಾಬಾಯಿಯ ಬಾಯನ್ನೇ ನೋಡುತ್ತಿದ್ದರು.

ಅವಳು ಯಾರನ್ನೂ ನೋಡಬಾರದೆಂದು ಅವನ ಮುಖವೊಂದನ್ನೇ ನೋಡಿದಳು. ಹೇಳಬೇಕಾದದ್ದು ಎಷ್ಟೋ ಇತ್ತು. ದನದ ಕೊಟ್ಟಿಗೆಯಲ್ಲಿ ಮಲಗಿ ಬೆಳೆದದ್ದು, ಮೊದಲ ಪಗಾರದಲ್ಲಿ ಅವಳಿಗೆ ಹಸಿರು ಬಳೆ ತಂದದ್ದು, ಮಾಧುರಿ ಹುಟ್ಟಿದಾಗ ಫೌಂಡ್ರಿಯವರಿಗೆಲ್ಲ ಪೇಢೆ ಹಂಚಿದ್ದು, ಧೂಳು ಕುಡಿದದ್ದು, ಒಂದು ದಿನವೂ ಅವಳ ಮೇಲೆ ಕೈ ಎತ್ತದಿದ್ದದ್ದು. ಅವನ ಮೊಣಕಾಲು ಹಿಡಿದು ಬಾಯಿ ತೆರೆದಳು.

"ದಣದೀರಿ…"

ಅದೊಂದೇ ಸೊಲ್ಲು. ಹಿಂದಿನಿಂದ ಯಾರೋ ಮೆಲ್ಲಗೆ ದನಿಗೂಡಿಸಿದರು. ಮತ್ತೊಬ್ಬರು, ಮತ್ತೆ ನಾಲ್ಕು ಮಂದಿ. ಅವರೇನೂ ಕೆಟ್ಟವರಲ್ಲ, ಪಾಪ, ಮುದುಕಿಗೆ ಆಸರೆಯಾಗಲೆಂದೇ ಹಾಡಿದರು, ಕಣ್ಣೂ ಒದ್ದೆಯಾಗಿದ್ದವು. ಆದರೆ ಅವರು ಹಾಡಿದ್ದು "ದಣದೀದಿ." ಅಂಗಳದಿಂದ ಓಣಿಗೆ ಹಬ್ಬಿ, ಮರಾಠಿಯವರೂ ಸೇರಿ, ಎಲ್ಲರಿಗೂ ಬಾಯಿಪಾಠವಾದ ಹಾಡು ಅದು, ಸರಾಗವಾಗಿ ಮುಂದೆ ಸಾಗಿತು. ಒಬ್ಬ ಹುಡುಗ ಬಾಯಲ್ಲೇ ಗಿಟಾರಿನ ಸದ್ದು ಕೂಡ ಮಾಡಿದ. ಗೌರಾಬಾಯಿ ನಿಂತುಬಿಟ್ಟಳು. ಅವಳು ನಿಂತದ್ದನ್ನು ಕಂಡು ಅವರೂ ನಿಂತು, ಮುಂದೇನೆಂದು ಅವಳತ್ತ ನೋಡಿದರು. ಮೊಬೈಲುಗಳು ಎತ್ತಿದಲ್ಲೇ ಇದ್ದವು.

ಆಚೆ ಓಣಿಯ ಹೆಣ್ಣುಮಗಳೊಬ್ಬಳು ಬಗ್ಗಿ ಬಂದು, ಗೌರಾಬಾಯಿಯ ಹೆಗಲ ಮೇಲೆ ಕೈಯಿಟ್ಟು, ಮರೆತವರಿಗೆ ನೆನಪು ಮಾಡಿಕೊಡುವಂತೆ ಕಿವಿಯಲ್ಲಿ ಹೇಳಿದಳು:

"ಚುಕ್ಕಿಯ ತೋಟದಲಿ, ಅಂತ ಅದ ನೋಡ್ರಿ ಮುಂದ."

ಗೌರಾಬಾಯಿ ಅವಳ ಮುಖ ನೋಡಿದಳು. ಸಾವಿತ್ರಿಬಾಯಿ ಎದ್ದು, "ಏ, ಸರೀರಿ ಹೊರಗ, ಸರೀರಿ! ನಿಮ್ಮ ಮೊಬೈಲಿಗೆ ಬೆಂಕಿ ಹಚ್ಚ!" ಎಂದು ಚೀರಾಡಿ ಮಂದಿಯನ್ನು ಅಂಗಳಕ್ಕೆ ದಬ್ಬಿದಳು, ಬಾಗಿಲು ಮುಂದೆ ಮಾಡಿದಳು. ಒಳಗೆ ಸದ್ದಡಗಿತು. ಮಾಧುರಿ ಅವ್ವನ ಕೈ ಹಿಡಿದು, "ಅಳs ಯವ್ವಾ, ಈಗ ಯಾರೂ ಇಲ್ಲ. ಅಪ್ಪಗ ಅಳs," ಎಂದು ಬೇಡಿಕೊಂಡಳು.

ಗೌರಾಬಾಯಿ ಮತ್ತೆ ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು, ಬಹಳ ಹೊತ್ತು ಇತ್ತು. ಸೊಲ್ಲು ಹೊರಡಲಿಲ್ಲ. ಗಂಡಸರು ಬಂದು, ಹೊತ್ತಾಯಿತು, ಎತ್ತೋಣ ಎಂದರು. ಆಗ ಅವಳು ಮುಂದಕ್ಕೆ ಬಗ್ಗಿ, ಗಂಡನ ಕಿವಿಗೆ ಬಾಯಿ ಹಚ್ಚಿ, ದಿನಾ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದಳು:

"ಬರವೊಲ್ದ್ರೀ. ಏನ ಮಾಡಿದ್ರೂ ಅಳು ಬರವೊಲ್ದು."

ಅವರು ಅವನನ್ನು ಎತ್ತಿಕೊಂಡು ಸುಮ್ಮನೆ ಹೊರಟರು.